ಕಂಜಿ ಕಲಿತ ಬಗೆ: ಕಿವಿಯಿಂದ ಕಣ್ಣಿಗೆ

ಕನ್ನಡದಲ್ಲಿ ಮಾತನಾಡುತ್ತ ಬೆಳೆದವರಿಗೆ ಜಪಾನಿ ವಾಕ್ಯದ ಕಟ್ಟೋಣ ಅಪರಿಚಿತವೆನಿಸುವುದಿಲ್ಲ. ಕ್ರಿಯಾಪದ ಕೊನೆಯಲ್ಲಿ ಬರುತ್ತದೆ, ವಿಭಕ್ತಿಯ ಗುರುತುಗಳು ನಾಮಪದದ ಬೆನ್ನಿಗೆ ಹತ್ತುತ್ತವೆ, ‘ಮಾಡಿ ನೋಡು’, ‘ತಿಂದುಬಿಟ್ಟೆ’ ಎಂಬಂತಹ ಜೋಡಿ ಕ್ರಿಯಾಪದಗಳು ‘ಶಿತೆ ಮಿರು’, ‘ತಬೆತೆ ಶಿಮತ್ತ’ ಎಂದು ಅದೇ ಕ್ರಮದಲ್ಲಿ ಅಲ್ಲಿಯೂ ಇವೆ. ಬೆಂಗಳೂರಿನಲ್ಲಿ ಕೆಲಸ ಮುಗಿಸಿ ಸಂಜೆಯ ತರಗತಿಗೆ ಹೋಗುತ್ತಿದ್ದ ಕಾಲದಲ್ಲಿ ವ್ಯಾಕರಣದ ಪಾಠಗಳು ನನಗೆ ಸಂತೋಷ ಕೊಡುತ್ತಿದ್ದವು. ಹಿರಗಾನ, ಕಟಕಾನ ಎಂಬ ಎರಡು ಉಚ್ಚಾರಾನುಸಾರಿ ಲಿಪಿಗಳೂ ಬೇಗ ಕೈಗೆ ಹತ್ತಿದವು. ಅವುಗಳ ‘ಅ, ಕ, ಸ, ತ, ನ, ಹ, ಮ, ಯ, ರ, ವ’ ಎಂಬ ಸಾಲು ಬಹುಮಟ್ಟಿಗೆ ನಮ್ಮ ವರ್ಣಮಾಲೆಯ ಕ್ರಮವನ್ನೇ ಅನುಸರಿಸುತ್ತದೆ. ಬೌದ್ಧ ಮಂತ್ರಗಳಿಗಾಗಿ ಸಿದ್ಧಂ ಲಿಪಿಯನ್ನು ಅಭ್ಯಾಸ ಮಾಡಿದ ಜಪಾನಿನ ಭಿಕ್ಷುಗಳ ಮೂಲಕ ಭಾರತದ ವರ್ಣವಿಚಾರ ಅಲ್ಲಿಗೆ ತಲುಪಿದ್ದರ ಫಲ ಅದು. ಹೀಗಾಗಿ ಜಪಾನಿ ನಿಘಂಟಿನಲ್ಲಿ ಪದ ಹುಡುಕುವುದು ಕನ್ನಡಿಗರಿಗೆ ಮೊದಲ ದಿನದಿಂದಲೇ ಒಗ್ಗುತ್ತದೆ.

ಚೀನಾದಿಂದ ಜಪಾನಿ ಬರಹಕ್ಕೆ ಬಂದ, ಅರ್ಥವನ್ನೂ ಸೂಚಿಸುವ ಅಕ್ಷರಗಳಾದ ಕಂಜಿಯ ಸರದಿ ಬಂದಾಗ ಇಂತಹ ಯಾವ ಪರಿಚಯವೂ ನೆರವಿಗೆ ಬರಲಿಲ್ಲ. ಜಪಾನ್ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ‘ಜೋಯೋ ಕಂಜಿ’ ಎಂಬ ನಿತ್ಯಬಳಕೆಯ ಪಟ್ಟಿಯಲ್ಲಿ 2136 ಅಕ್ಷರಗಳಿವೆ. ಅವುಗಳಲ್ಲಿ 1026 ಅಕ್ಷರಗಳನ್ನು ಅಲ್ಲಿನ ಮಕ್ಕಳು ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ ಕಲಿಯುತ್ತಾರೆ: ಮೊದಲ ತರಗತಿಯಲ್ಲಿ 80, ಎರಡನೆಯದರಲ್ಲಿ 160, ಮೂರನೆಯದರಲ್ಲಿ 200. ಈ ಸಂಖ್ಯೆಗಿಂತ ದೊಡ್ಡ ಕಷ್ಟವೆಂದರೆ ಒಂದೊಂದು ಅಕ್ಷರಕ್ಕೂ ಒಂದು ಆಕಾರ, ಒಂದೆರಡು ಅರ್ಥ, ಎರಡು ಮೂರು ಉಚ್ಚಾರಗಳಿದ್ದು, ಎಲ್ಲವೂ ಒಟ್ಟಿಗೆ ನೆನಪಿರಬೇಕಾಗುವುದು. ಬದುಕು, ಹುಟ್ಟು ಎಂಬ ಅರ್ಥದ ಐದು ಗೆರೆಗಳ ಸರಳ ಅಕ್ಷರವೊಂದನ್ನು ‘ಸೆಯ್’, ‘ಶೋ’, ‘ಇಕಿರು’, ‘ಉಮರೆರು’, ‘ಹಯೆರು’, ‘ನಾಮ’ ಎಂದೆಲ್ಲ ಸಂದರ್ಭಕ್ಕೆ ತಕ್ಕಂತೆ ಓದಬೇಕು. ಪಟ್ಟಿಯೊಂದನ್ನು ಮುಂದಿಟ್ಟುಕೊಂಡು ಎಲ್ಲ ಉಚ್ಚಾರಗಳನ್ನೂ ಬಾಯಿಪಾಠ ಮಾಡಲು ಹೊರಟವರನ್ನು ನಾನು ತರಗತಿಯಲ್ಲಿ ಹಲವರನ್ನು ಕಂಡಿದ್ದೇನೆ. ಅವರ ಶ್ರಮ ದೊಡ್ಡದಾಗಿತ್ತು, ಉಳಿಯುತ್ತಿದ್ದದ್ದು ಬಹಳ ಕಡಿಮೆ.

ನನಗೆ ದಾರಿ ಕಾಣಿಸಿದ್ದು ಕಾರ್ಖಾನೆಯಲ್ಲಿ. ವಾಹನಗಳ ಬಿಡಿಭಾಗ ತಯಾರಿಸುವ ಘಟಕದಲ್ಲಿ ಕೆಲಸ ಮಾಡುತ್ತಿದ್ದುದರಿಂದ ಅನೇಕ ಜಪಾನಿ ಪದಗಳು ನನ್ನ ಕಿವಿಯಲ್ಲಿ ಆಗಲೇ ನೆಲೆಸಿದ್ದವು. ಸುಧಾರಣೆಗೆ ‘ಕಾಯ್ಜೆನ್’, ಕೆಲಸ ನಡೆಯುವ ಜಾಗಕ್ಕೆ ‘ಗೆಂಬ’, ತೊಂದರೆಯಾದಾಗ ಬೆಳಗುವ ದೀಪದ ಹಲಗೆಗೆ ‘ಅಂದೋನ್’, ಸರಕು ಬೇಕೆಂದು ತಿಳಿಸುವ ಚೀಟಿಗೆ ‘ಕಾಂಬಾನ್’ ಎಂದು ನಮ್ಮಲ್ಲಿಯ ಕಾರ್ಮಿಕರೆಲ್ಲ ಹೇಳುತ್ತಿದ್ದರು. ‘ಫೈವ್ ಎಸ್’ ಎಂಬ ಅಚ್ಚುಕಟ್ಟಿನ ಪದ್ಧತಿಯ ಐದು ಹೆಸರುಗಳಾದ ಸೆಯ್ರಿ, ಸೆಯ್ತೊನ್, ಸೆಯ್ಸೋ, ಸೆಯ್ಕೆತ್ಸು, ಶಿತ್ಸುಕೆ ಎಂಬವು ಗೋಡೆಯ ಮೇಲೆ ಕನ್ನಡ ವಿವರಣೆಯೊಡನೆ ತೂಗಾಡುತ್ತಿದ್ದವು. ತರಗತಿಯಲ್ಲಿ ಇವುಗಳ ಕಂಜಿ ರೂಪವನ್ನು ಮೊದಲ ಬಾರಿ ಕಂಡಾಗ, ಗೆರೆಗಳು ಬಹಳ ಜಟಿಲವಾಗಿದ್ದರೂ, ಅವು ಮರೆಯಲೇ ಇಲ್ಲ. ಅದೇ ವಾರ ಕಲಿತ, ಗೆರೆಗಳಲ್ಲಿ ಇದಕ್ಕಿಂತ ಎಷ್ಟೋ ಸರಳವಾದ, ಆದರೆ ನಾನು ಕೇಳಿರದ ಪದಗಳ ಅಕ್ಷರಗಳು ಮಾತ್ರ ಜಾರಿಹೋಗುತ್ತಿದ್ದವು. ಜಪಾನಿನ ಏಳು ವರ್ಷದ ಮಗುವಿನ ಸ್ಥಿತಿಯೂ ಇದೇ ಅಲ್ಲವೇ? ಆ ಮಗು ಶಾಲೆಗೆ ಹೋಗುವ ಮೊದಲೇ ಸಾವಿರಾರು ಪದಗಳನ್ನು ಬಲ್ಲದು. ಅದಕ್ಕೆ ಕಂಜಿ ಎಂದರೆ ತಿಳಿದ ಪದಕ್ಕೆ ಹೊಸ ಉಡುಗೆ ಅಷ್ಟೇ. ನಾವು ಪದ, ಅರ್ಥ, ಉಚ್ಚಾರ, ಆಕಾರ ನಾಲ್ಕನ್ನೂ ಒಂದೇ ಗಳಿಗೆಯಲ್ಲಿ ಹೊರಲು ಹೋಗುತ್ತೇವೆ. ಅಂದಿನಿಂದ ನಾನು ಪಾಲಿಸಿಕೊಂಡು ಬಂದ ಕ್ರಮವಿದು: ಮೊದಲು ಪದ ಕಿವಿಗೆ ಬೀಳಬೇಕು, ಸಾಧ್ಯವಾದರೆ ನನ್ನ ಬಾಯಲ್ಲಿಯೂ ಒಂದೆರಡು ಸಲ ಬಳಕೆಯಾಗಬೇಕು, ಅಕ್ಷರ ಅದರ ನಂತರ.

ಆದರೂ ಆಕಾರ ಆಕಾರವೇ. ಅದನ್ನು ಬಿಡಿಸಿ ನೋಡುವ ಕಣ್ಣು ಬೇಕು. ಕಂಜಿಗಳನ್ನು ವರ್ಗೀಕರಿಸಲು ಬಳಸುವ ‘ಬುಶು’ ಎಂಬ ಮೂಲಭಾಗಗಳು ಸಾಂಪ್ರದಾಯಿಕವಾಗಿ 214. ಚೀನಾದಲ್ಲಿ 1716ರಲ್ಲಿ ಸಿದ್ಧವಾದ ಕಾಂಗ್‌ಶಿ ನಿಘಂಟು ಬಳಸಿದ ಈ ಏರ್ಪಾಡನ್ನು ಜಪಾನಿನ ಕಂಜಿ ನಿಘಂಟುಗಳು ಇಂದಿಗೂ ಅನುಸರಿಸುತ್ತವೆ. ಎಲ್ಲವನ್ನೂ ಕಲಿಯಬೇಕಾಗಿಲ್ಲ, ಐವತ್ತು ಅರವತ್ತು ಭಾಗಗಳು ಗೊತ್ತಾದರೆ ಹೆಚ್ಚಿನ ಅಕ್ಷರಗಳು ಬಿಡಿಸಿಕೊಳ್ಳುತ್ತವೆ. ಎಡಬದಿಯಲ್ಲಿ ನೀರಿನ ಮೂರು ಹನಿಗಳಿದ್ದರೆ ಸಮುದ್ರ, ಈಜು, ತೊಳೆ, ಎಣ್ಣೆ, ಸಾರು ಎಂಬಂತಹ ದ್ರವ ಸಂಬಂಧದ ಅರ್ಥ. ಕೈಯ ಗುರುತಿದ್ದರೆ ಎಸೆ, ಹೊಡೆ, ಹಿಡಿ, ಒತ್ತು. ಲೋಹದ ಗುರುತು ನನಗೆ ಎಲ್ಲಕ್ಕಿಂತ ಹತ್ತಿರವಾಯಿತು, ಏಕೆಂದರೆ ಕಬ್ಬಿಣ, ಉಕ್ಕು, ತಾಮ್ರ, ಸೂಜಿ, ಎರಕ, ಕುಲುಮೆಯ ಬಡಿತ ಹೀಗೆ ನನ್ನ ಕೆಲಸದ ಅರ್ಧ ಪದಗಳ ಎಡಭಾಗದಲ್ಲಿ ಅದೇ ಕುಳಿತಿತ್ತು. ಯಂತ್ರದ ಫಲಕದ ಮೇಲಿನ ಗುಂಡಿಗಳಲ್ಲಿ ಕೈಯ ಗುರುತು ಕಂಡೊಡನೆ, ಓದಲು ಬಾರದಿದ್ದರೂ, ಇದು ಏನನ್ನೋ ಮಾಡೆಂದು ಹೇಳುತ್ತಿದೆ ಎಂಬಷ್ಟು ತಿಳಿಯುವುದೂ ಆರಂಭದ ದಿನಗಳಲ್ಲಿ ದೊಡ್ಡ ಆಸರೆ.

ಭಾಗಗಳನ್ನು ಜೋಡಿಸಿ ಕಥೆ ಕಟ್ಟುವ ವಿಧಾನವನ್ನು ಅನೇಕರು ಶಿಫಾರಸು ಮಾಡುತ್ತಾರೆ. ಮನುಷ್ಯ ಮರಕ್ಕೆ ಒರಗಿದರೆ ವಿಶ್ರಾಂತಿ; ಸೂರಿನ ಕೆಳಗೆ ಹೆಂಗಸಿದ್ದರೆ ನೆಮ್ಮದಿ, ಅದೇ ‘ಅಂಜೆನ್’ ಎಂಬ ಸುರಕ್ಷತೆಯ ಮೊದಲ ಅಕ್ಷರ. ಇಂಗ್ಲಿಷ್ ಪುಸ್ತಕಗಳಲ್ಲಿ ಇಂತಹ ಕಥೆಗಳು ಹೇರಳವಾಗಿ ಸಿಗುತ್ತವೆಯಾದರೂ ಅವು ನನ್ನಲ್ಲಿ ನಿಲ್ಲಲಿಲ್ಲ. ಕನ್ನಡದಲ್ಲಿ, ನನ್ನ ಊರಿನ ನೆಲದಲ್ಲಿ ಕಟ್ಟಿಕೊಂಡವು ನಿಂತವು. ಬೆಟ್ಟದ ಗುರುತಿನ ಪಕ್ಕದಲ್ಲಿ ‘ಮೇಲೆ’, ‘ಕೆಳಗೆ’ ಎಂಬ ಎರಡು ಗುರುತುಗಳನ್ನು ಒಂದರ ಮೇಲೊಂದು ಇಟ್ಟು ಜಪಾನೀಯರು ತಾವೇ ರಚಿಸಿಕೊಂಡ ಅಕ್ಷರವೊಂದಿದೆ. ಅದರ ಉಚ್ಚಾರ ‘ತೋಗೆ’. ಕರಾವಳಿಯವನಾದ ನನಗೆ ಅದು ಚಾರ್ಮಾಡಿ, ಅದು ಆಗುಂಬೆ. ಏರಿ ಇಳಿಯುವ ಘಾಟಿಗೆ ಇದಕ್ಕಿಂತ ಒಪ್ಪುವ ಚಿತ್ರ ಇನ್ನೊಂದಿಲ್ಲ. ಮೀನಿನ ಗುರುತಿನ ಪಕ್ಕದಲ್ಲಿ ‘ದುರ್ಬಲ’ ಎಂಬುದಿದ್ದರೆ ‘ಇವಾಶಿ’, ನಮ್ಮ ಬೂತಾಯಿಯ ಜಾತಿಯದು. ನೀರಿನಿಂದ ಹೊರಬಂದರೆ ಬಹಳ ಬೇಗ ಕೆಡುವ ಮೀನೆಂಬುದನ್ನು ಮಲ್ಪೆಯ ದಕ್ಕೆ ಕಂಡವರಿಗೆ ವಿವರಿಸಬೇಕಾಗಿಲ್ಲ. ಅದೇ ಮೀನಿನ ಪಕ್ಕದಲ್ಲಿ ‘ನೀಲಿ’ ಇದ್ದರೆ ‘ಸಾಬ’, ಬಂಗುಡೆಯ ಬಳಗ.

ಕಥೆಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಪೂರ್ವ ದಿಕ್ಕಿನ ಅಕ್ಷರವನ್ನು ಮರದ ಹಿಂದೆ ಮೂಡುವ ಸೂರ್ಯನೆಂದು ಎಲ್ಲ ಕಡೆ ಹೇಳಿಕೊಡುತ್ತಾರೆ. ಆದರೆ ಪ್ರಾಚೀನ ಶಾಸನಲಿಪಿಗಳನ್ನು ನೋಡಿದ ವಿದ್ವಾಂಸರು ಅದನ್ನು ಎರಡೂ ತುದಿ ಬಿಗಿದ ಚೀಲದ ಚಿತ್ರವೆಂದು ಗುರುತಿಸಿದ್ದಾರೆ. ನೆನಪಿಗಾಗಿ ಸೂರ್ಯನ ಕಥೆಯನ್ನು ಇಟ್ಟುಕೊಳ್ಳಬಹುದು, ಅದನ್ನೇ ಅಕ್ಷರದ ಇತಿಹಾಸವೆಂದು ಇನ್ನೊಬ್ಬರಿಗೆ ಹೇಳಬಾರದು. ಇದಕ್ಕಿಂತ ಮುಖ್ಯವಾಗಿ, ಕಥೆ ಅರ್ಥವನ್ನು ಕೊಡುತ್ತದೆಯೇ ಹೊರತು ಉಚ್ಚಾರವನ್ನು ಕೊಡುವುದಿಲ್ಲ. ಒಂದು ಸಾವಿರ ಅಕ್ಷರಗಳಿಗೆ ಕಥೆ ಕಟ್ಟಿ ಮುಗಿಸಿದವರೂ ರೈಲು ನಿಲ್ದಾಣದ ಒಂದು ಪ್ರಕಟಣೆಯನ್ನು ಗಟ್ಟಿಯಾಗಿ ಓದಲಾರರು. ಅರ್ಥ ಹೊಳೆದ ಕೂಡಲೇ ಕಥೆಯನ್ನು ಕೈಬಿಡುವುದು ಒಳ್ಳೆಯದೆಂಬುದು ನನ್ನ ಅನುಭವ.

ಉಚ್ಚಾರ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಉತ್ತರ ಅಕ್ಷರದ ಒಳಗೇ ಇದೆ, ಮತ್ತು ಆರಂಭದ ತರಗತಿಗಳಲ್ಲಿ ಇದನ್ನು ಏಕೆ ಹೇಳಿಕೊಡುವುದಿಲ್ಲವೋ ನನಗೆ ಇಂದಿಗೂ ಅರ್ಥವಾಗಿಲ್ಲ. ಕಂಜಿಗಳಲ್ಲಿ ಚಿತ್ರಗಳಿಂದ ಹುಟ್ಟಿದವು ಅಲ್ಪಸಂಖ್ಯೆಯವು; ಬಹುಪಾಲು ಅಕ್ಷರಗಳಲ್ಲಿ ಒಂದು ಭಾಗ ಅರ್ಥದ ಸುಳಿವನ್ನೂ ಇನ್ನೊಂದು ಭಾಗ ಸದ್ದಿನ ಸುಳಿವನ್ನೂ ಕೊಡುತ್ತದೆ. ಬಂಗುಡೆಯ ಪಕ್ಕದಲ್ಲಿ ಕಂಡ ಆ ‘ನೀಲಿ’ಯನ್ನೇ ನೋಡಿ. ಅದರ ಚೀನೀ ಮೂಲದ ಉಚ್ಚಾರ ‘ಸೆಯ್’. ಅದರ ಎಡಕ್ಕೆ ನೀರಿಟ್ಟರೆ ಶುಚಿ, ಓದುವುದು ‘ಸೆಯ್’. ನಮ್ಮ ಗೋಡೆಯ ಮೇಲಿನ ಸೆಯ್ಸೋ, ಸೆಯ್ಕೆತ್ಸು ಎರಡರಲ್ಲೂ ಮೊದಲ ಅಕ್ಷರ ಇದೇ. ಸೂರ್ಯನನ್ನಿಟ್ಟರೆ ನಿರ್ಮಲ ಆಕಾಶ, ‘ಸೆಯ್ತೆನ್’. ಅಕ್ಕಿಯನ್ನಿಟ್ಟರೆ ನಯಗೊಳಿಸುವುದು, ‘ಸೆಯ್ಮಿತ್ಸು’ ಎಂಬ ಸೂಕ್ಷ್ಮ ನಿಖರತೆ. ಮಾತಿನ ಗುರುತನ್ನಿಟ್ಟರೆ ಕೋರಿಕೆ, ‘ಸೆಯ್ಕ್ಯೂಶೊ’ ಎಂಬ ಬಿಲ್ಲು. ‘ನೀಲಿ’ಯನ್ನೇ ಎಡಕ್ಕೆ ಸರಿಸಿ ಬಲಕ್ಕೆ ಇನ್ನೊಂದು ಭಾಗವನ್ನು ಸೇರಿಸಿದರೆ ನಿಶ್ಶಬ್ದ, ನಿಶ್ಚಲ, ‘ಸೆಯ್ದೆಂಕಿ’ ಎಂದರೆ ಸ್ಥಿರ ವಿದ್ಯುತ್ತು. ಸೆಯ್ರಿ, ಸೆಯ್ತೊನ್ ಎಂಬವುಗಳ ಮೊದಲ ಅಕ್ಷರ ಬೇರೆಯದು. ಅದರ ಬುಡದಲ್ಲಿ ‘ಸರಿ’ ಎಂಬ ಅರ್ಥದ ಅಕ್ಷರವಿದೆ, ಅದರ ಸದ್ದೂ ‘ಸೆಯ್’. ಹೀಗೆ ಒಂದು ಮಧ್ಯಾಹ್ನದಲ್ಲಿ, ಊಟದ ಬಿಡುವಿನ ಹೊತ್ತಿನಲ್ಲಿ, ಆ ಗೋಡೆಯ ನಾಲ್ಕು ಪದಗಳ ಬೀಗ ತೆರೆದುಕೊಂಡಾಗ ಆದ ಆನಂದ ನನಗೆ ಇನ್ನೂ ನೆನಪಿದೆ.

ಇಂತಹ ಕುಟುಂಬಗಳನ್ನು ಹುಡುಕಿ ಹುಡುಕಿ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡೆ. ‘ಒಂದೇ’ ಎಂಬ ಅರ್ಥದ ‘ದೋ’ ಲೋಹದ ಪಕ್ಕದಲ್ಲಿ ತಾಮ್ರ, ನೀರಿನ ಪಕ್ಕದಲ್ಲಿ ಗುಹೆ, ಶರೀರದ ಪಕ್ಕದಲ್ಲಿ ಮುಂಡ, ಎಲ್ಲಕ್ಕೂ ‘ದೋ’. ಪೊಟ್ಟಣ ಕಟ್ಟು ಎಂಬ ‘ಹೋ’ ನೀರಿನೊಡನೆ ಗುಳ್ಳೆಯಾಗಿ ‘ಕಿಹೋ’ ಎಂಬ ಎರಕದ ದೋಷದ ಹೆಸರಿನಲ್ಲಿ ಬರುತ್ತದೆ. ಕಲ್ಲಿನೊಡನೆ ‘ತೆಪ್ಪೋ’ ಎಂಬ ಕೋವಿಯಾಗಿ, ಶರೀರದೊಡನೆ ‘ಸಾಯ್ಬೋ’ ಎಂಬ ಜೀವಕೋಶವಾಗಿ, ಸದ್ದು ತುಸು ಬದಲಾಗಿ ನಿಲ್ಲುತ್ತದೆ. ‘ಹಾನ್’ ಎಂಬ ಭಾಗ ಊಟದಲ್ಲಿಯೂ, ಮಾರಾಟದಲ್ಲಿಯೂ, ಹಲಗೆಯಲ್ಲಿಯೂ ಇದೆ. ಆ ಹಲಗೆಯೇ ‘ಕಾಂಬಾನ್’ ಪದದ ಎರಡನೆಯ ಅಕ್ಷರ. ಈ ಸುಳಿವು ಎಲ್ಲ ಕಡೆ ನಡೆಯುವುದಿಲ್ಲ. ನೀಲಿಯ ಪಕ್ಕದಲ್ಲಿ ಹೃದಯವನ್ನಿಟ್ಟ ಭಾವನೆಯ ಅಕ್ಷರವನ್ನು ‘ಮಾಹಿತಿ’ ಎಂಬ ಅರ್ಥದ ‘ಜೋಹೋ’ ಪದದಲ್ಲಿ ‘ಜೋ’ ಎಂದು ಓದುತ್ತಾರೆ. ಕಾರಣ ಚರಿತ್ರೆಯಲ್ಲಿದೆ: ಚೀನೀ ಉಚ್ಚಾರಗಳು ಜಪಾನಿಗೆ ಒಂದೇ ಕಾಲದಲ್ಲಿ, ಒಂದೇ ಊರಿನಿಂದ ಬರಲಿಲ್ಲ. ಮೊದಲು ಬಂದವು ‘ಗೋ-ಒನ್’. ತಾಂಗ್ ರಾಜ್ಯದ ಕಾಲದಲ್ಲಿ ರಾಯಭಾರಿಗಳೂ ಭಿಕ್ಷುಗಳೂ ರಾಜಧಾನಿಯಿಂದ ತಂದವು ‘ಕಾನ್-ಒನ್’. ಝೆನ್ ಗುರುಗಳ ಕಾಲದಿಂದ ಈಚೆಗೆ ಸೇರಿದವು ‘ತೋ-ಒನ್’. ‘ಹೋಗು’ ಎಂಬ ಒಂದೇ ಅಕ್ಷರ ‘ಗ್ಯೋಜಿ’ ಎಂಬ ಸಮಾರಂಭದಲ್ಲಿ ಗ್ಯೋ, ‘ಗಿಂಕೋ’ ಎಂಬ ಬ್ಯಾಂಕಿನಲ್ಲಿ ಕೋ, ನಮ್ಮ ‘ಅಂದೋನ್’ ದೀಪದಲ್ಲಿ ಅನ್ ಆಗಿರುವುದು ಈ ಮೂರು ಅಲೆಗಳ ಗುರುತು. ಇದನ್ನು ತಿಳಿದ ಮೇಲೆ ಅಪವಾದಗಳ ಮೇಲಿನ ಸಿಟ್ಟು ಕಡಿಮೆಯಾಯಿತು.

ಒನ್, ಕುನ್ ಎಂಬ ಎರಡು ಬಗೆಯ ಓದುಗಳ ವಿಚಾರಕ್ಕೆ ಬಂದರೆ, ಕನ್ನಡಿಗರಿಗೆ ಇಲ್ಲಿ ಇತರ ಅನೇಕ ಕಲಿಯುವವರಿಗಿಲ್ಲದ ಅನುಕೂಲವಿದೆ. ಒನ್ ಎಂದರೆ ಚೀನೀ ಮೂಲದ ಉಚ್ಚಾರ, ಕುನ್ ಎಂದರೆ ಅಚ್ಚ ಜಪಾನಿ ಪದ. ನನ್ನೊಡನೆ ಕಲಿಯುತ್ತಿದ್ದ ಯುರೋಪಿನ ಸಹೋದ್ಯೋಗಿಗಳು ಒಂದು ಅಕ್ಷರಕ್ಕೆ ಎರಡು ಉಚ್ಚಾರ ಏಕೆಂದು ಪರಿತಪಿಸುತ್ತಿದ್ದಾಗ, ನಾನು ಮನಸ್ಸಿನಲ್ಲೇ ನೀರು ಮತ್ತು ಜಲ ಎಂದುಕೊಳ್ಳುತ್ತಿದ್ದೆ. ಕುಡಿಯಲು ಕೇಳುವಾಗ ನಾವು ನೀರು ಎನ್ನುತ್ತೇವೆ. ಕೂಡುಪದದಲ್ಲಿ ಜಲಾಶಯ, ಜಲಚರ, ಜಲಮಾರ್ಗ. ಜಪಾನೀಯರೂ ಹಾಗೆಯೇ ಒಂಟಿಯಾಗಿ ‘ಮಿಜು’ ಎಂದೂ, ಕೂಡುಪದದಲ್ಲಿ ‘ಸುಯ್’ ಎಂದೂ ಓದುತ್ತಾರೆ. ಹಲ್ಲು ನೋವು ಎನ್ನುವಾಗ ‘ಹಾ’, ದಂತ ಚಿಕಿತ್ಸೆಯ ವಿಭಾಗದ ಫಲಕದಲ್ಲಿ ‘ಶಿಕಾ’. ಬೆಂಕಿ ‘ಹಿ’, ಬೆಟ್ಟ ‘ಯಾಮ’. ಆದರೆ ಅಗ್ನಿಪರ್ವತ ‘ಕಜಾನ್’. ಕಾರ್ಖಾನೆಯ ಕಂಬಗಳ ಮೇಲೆ ತೂಗುವ ಕೆಂಪು ಸಿಲಿಂಡರಿನ ‘ಶೋಕಾಕಿ’ ನಮ್ಮ ಅಗ್ನಿಶಾಮಕ. ‘ಮು’ ಎಂಬ ಅಕ್ಷರ ನಮ್ಮ ನಿರ್, ಅನ್ ಎಂಬ ಉಪಸರ್ಗಗಳ ಕೆಲಸ ಮಾಡುತ್ತದೆ: ‘ಮುರ್ಯೋ’ ನಿಶ್ಶುಲ್ಕ, ‘ಮುಗೆನ್’ ಅನಂತ. ಆದ್ದರಿಂದ ಹೊಸ ಅಕ್ಷರ ಎದುರಾದಾಗ ನನ್ನ ಪುಸ್ತಕದಲ್ಲಿ ಎರಡು ಕಂಬಗಳನ್ನು ಎಳೆದು, ಕುನ್ ಓದಿನ ಎದುರಿಗೆ ಅಚ್ಚಗನ್ನಡದ ಪದವನ್ನೂ ಒನ್ ಓದಿನ ಎದುರಿಗೆ ಸಂಸ್ಕೃತ ಮೂಲದ ಪದವನ್ನೂ ಬರೆಯತೊಡಗಿದೆ. ಕಣ್ಣು, ನೇತ್ರ, ಹೊಸ, ನವ, ನೋಡು, ದರ್ಶನ. ಎಲ್ಲ ಅಕ್ಷರಗಳಿಗೂ ಇಂತಹ ಜೋಡಿ ಸಿಗುವುದಿಲ್ಲ, ಆದರೆ ಸಿಕ್ಕಿದ ಕಡೆ ಉಚ್ಚಾರದ ಆಯ್ಕೆ ಲೆಕ್ಕಾಚಾರವಿಲ್ಲದೆ ನಾಲಿಗೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅರ್ಥ ಬರೆದುಕೊಳ್ಳುತ್ತಿದ್ದ ಕಾಲಕ್ಕೂ ಇದಕ್ಕೂ ಇದ್ದ ಅಂತರ ಬಹಳ ದೊಡ್ಡದು, ಮತ್ತು ಜಪಾನಿ ಕಲಿಯುವ ಕನ್ನಡಿಗರೆಲ್ಲರೂ ಅರ್ಥವನ್ನು ಕನ್ನಡದಲ್ಲಿಯೇ ಬರೆದುಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಈ ಹೋಲಿಕೆ ಇನ್ನೊಂದು ಹೆಜ್ಜೆ ಮುಂದಕ್ಕೂ ಹೋಗುತ್ತದೆ. ಕನ್ನಡ ಪದದೊಡನೆ ಸಂಸ್ಕೃತ ಪದವನ್ನು ಬೆಸೆದರೆ ನಮ್ಮ ವ್ಯಾಕರಣ ಅದನ್ನು ಅರಿಸಮಾಸವೆಂದು ಕರೆಯುತ್ತದೆ. ಜಪಾನಿಯಲ್ಲಿಯೂ ಒಂದೇ ಪದದೊಳಗೆ ಒನ್ ಮತ್ತು ಕುನ್ ಬೆರೆತರೆ ಅದಕ್ಕೆ ಪ್ರತ್ಯೇಕ ಹೆಸರುಗಳಿವೆ: ಮೊದಲು ಒನ್ ಬಂದರೆ ‘ಜೂಬಾಕೊ’ ಓದು, ಮೊದಲು ಕುನ್ ಬಂದರೆ ‘ಯುತೋ’ ಓದು. ಅಡುಗೆಮನೆಯ ‘ದಾಯ್ದೊಕೊರೊ’ ಜೂಬಾಕೊ ಬಗೆಯದು; ಸ್ಥಳ ಎಂಬ ಅರ್ಥದ ‘ಬಾಶೊ’ ಯುತೋ ಬಗೆಯದು. ನಾನು ಎಷ್ಟೋ ವರ್ಷಗಳಿಂದ ಬಳಸುತ್ತಿದ್ದ ‘ಗೆಂಬ’ ಕೂಡ ಇಂತಹ ಬೆರಕೆಯೇ. ಇವುಗಳನ್ನು ಮಾತ್ರ ಪ್ರತ್ಯೇಕ ಪಟ್ಟಿಯಾಗಿ ಇಟ್ಟುಕೊಂಡದ್ದು ಪ್ರಯೋಜನವಾಯಿತು, ಏಕೆಂದರೆ ಉಳಿದ ಕೂಡುಪದಗಳನ್ನು ಒನ್ ಎಂದು ನಂಬಿ ಓದುವ ಧೈರ್ಯ ಅದರಿಂದ ಬರುತ್ತದೆ.

ಕೈಬರಹದ ಬಗ್ಗೆ ಕಲಿಯುವವರಲ್ಲಿ ತೀವ್ರ ಭಿನ್ನಾಭಿಪ್ರಾಯವಿದೆ. ವರ್ಷಕ್ಕೆ ಎರಡು ಬಾರಿ, ಜುಲೈ ಮತ್ತು ಡಿಸೆಂಬರಿನಲ್ಲಿ ನಡೆಯುವ, ಜಪಾನಿ ಭಾಷೆಯ ಸಾಮರ್ಥ್ಯ ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಕೈಯಿಂದ ಬರೆಯುವ ಪ್ರಶ್ನೆಯೇ ಇಲ್ಲ. ಗಣಕದಲ್ಲಿಯೂ ಫೋನಿನಲ್ಲಿಯೂ ಸದ್ದನ್ನು ಟೈಪ್ ಮಾಡಿ ಸರಿಯಾದ ಅಕ್ಷರವನ್ನು ಆರಿಸಿದರಾಯಿತು. ಜಪಾನೀಯರೇ ಓದಬಲ್ಲ ಎಷ್ಟೋ ಅಕ್ಷರಗಳನ್ನು ಬರೆಯಲು ಮರೆತಿದ್ದಾರೆ. ಆದರೂ ಮೊದಲ ಕೆಲವು ನೂರು ಅಕ್ಷರಗಳನ್ನು ಕೈಯಿಂದ ಬರೆಯಲೇಬೇಕೆಂಬುದು ನನ್ನ ದೃಢ ಅಭಿಪ್ರಾಯ. ಚೌಕುಳಿಯ ಪುಸ್ತಕದಲ್ಲಿ ಗೆರೆಗಳ ಕ್ರಮ ತಪ್ಪದೆ ಬರೆಯುವಾಗ ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ, ಅಡ್ಡಗೆರೆಯ ನಂತರ ಲಂಬಗೆರೆ, ಪೆಟ್ಟಿಗೆಯೊಳಗಿನದನ್ನು ತುಂಬಿದ ಮೇಲೆ ತಳವನ್ನು ಮುಚ್ಚುವ ಗೆರೆ ಎಂಬ ನಿಯಮಗಳು ಕೈಗೆ ಇಳಿಯುತ್ತವೆ, ಅಕ್ಷರ ಗೆರೆಗಳ ಗೋಜಲಾಗಿ ಕಾಣುವುದು ನಿಲ್ಲುತ್ತದೆ. ನಿಯಮಕ್ಕೆ ವಿಚಿತ್ರ ಅಪವಾದಗಳೂ ಇವೆ. ‘ಎಡ’ ಎಂಬ ಅಕ್ಷರ ಅಡ್ಡಗೆರೆಯಿಂದ ಆರಂಭವಾದರೆ, ನೋಡಲು ಅದರ ಜೋಡಿಯಂತಿರುವ ‘ಬಲ’ ಓರೆಗೆರೆಯಿಂದ ಆರಂಭವಾಗುತ್ತದೆ. ಒಂದೇ ಅಕ್ಷರವನ್ನು ಪುಟ ತುಂಬುವಂತೆ ಬರೆಯುವುದರಿಂದ ಲಾಭವಿಲ್ಲ, ನಾಲ್ಕನೆಯ ಸಲಕ್ಕೆ ಮನಸ್ಸು ಬೇರೆಡೆ ಹೋಗಿರುತ್ತದೆ. ನೋಡಿ, ಮುಚ್ಚಿ, ನೆನಪಿನಿಂದ ಒಂದು ಸಲ ಬರೆದು, ಮರುದಿನ ಮತ್ತೆ ಒಂದು ಸಲ ಬರೆಯುವುದು ಸಾಕು. ಕಾಗದವೂ ಬೇಕಾಗಿಲ್ಲ: ಅಕ್ಷರವೊಂದು ನೆನಪಾಗದಿದ್ದಾಗ ಜಪಾನೀಯರು ಅಂಗೈ ಮೇಲೆಯೋ ಗಾಳಿಯಲ್ಲಿಯೋ ಬೆರಳಾಡಿಸುವುದನ್ನು ಅಲ್ಲಿ ಎಲ್ಲೆಡೆ ನೋಡುತ್ತೇವೆ, ಆ ಅಭ್ಯಾಸ ನನಗೂ ಹತ್ತಿತು.

ಮರೆವನ್ನು ಎದುರಿಸಲು ನಾನು ನೆಚ್ಚಿದ್ದು ಅಂತರ ಹೆಚ್ಚಿಸುತ್ತ ಪುನರಾವರ್ತಿಸುವ ಕ್ರಮವನ್ನು. ಕಲಿತದ್ದು ಮೊದಲ ಗಂಟೆಗಳಲ್ಲೇ ಬಹಳಷ್ಟು ಅಳಿದು, ಆಮೇಲೆ ನಿಧಾನವಾಗಿ ಅಳಿಯುತ್ತದೆಂದು ಜರ್ಮನಿಯ ಹೆರ್ಮಾನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ್ದರು. ಅಳಿಯುವ ಅಂಚಿನಲ್ಲಿದ್ದಾಗ ಒಮ್ಮೆ ನೆನಪಿಸಿಕೊಂಡರೆ ಮುಂದಿನ ಮರೆವು ಇನ್ನಷ್ಟು ದೂರ ಸರಿಯುತ್ತದೆ. ಡೇಮಿಯನ್ ಎಲ್ಮ್ಸ್ 2006ರಲ್ಲಿ ಹೊರತಂದ ‘ಆಂಕಿ’ ಎಂಬ ತಂತ್ರಾಂಶ ಈ ಅಂತರಗಳ ಲೆಕ್ಕವನ್ನು ತಾನೇ ಇಡುತ್ತದೆ. ಜಪಾನಿ ಕಲಿಯುವವರಲ್ಲಿ ಅದನ್ನು ಬಳಸದವರು ಕಡಿಮೆ. ತಂತ್ರಾಂಶಕ್ಕಿಂತ ಅದರಲ್ಲಿ ನಾವು ಬರೆಯುವ ಚೀಟಿ ಮುಖ್ಯ. ಒಂಟಿ ಅಕ್ಷರವನ್ನು ಒಂದು ಬದಿಯಲ್ಲೂ ಅದರ ಎಲ್ಲ ಉಚ್ಚಾರಗಳನ್ನು ಇನ್ನೊಂದು ಬದಿಯಲ್ಲೂ ಬರೆದ ಚೀಟಿ ನನಗೆ ಕೆಲಸ ಮಾಡಲಿಲ್ಲ. ಮುಂಭಾಗದಲ್ಲಿ ನಾನು ನಿಜವಾಗಿ ಎಲ್ಲಿಯೋ ಓದಿದ ಅಥವಾ ಕೇಳಿದ ಒಂದು ಚಿಕ್ಕ ವಾಕ್ಯ, ಹಿಂಭಾಗದಲ್ಲಿ ಆ ಒಂದು ಪದದ ಉಚ್ಚಾರ, ಕನ್ನಡದ ಅರ್ಥ, ಸದ್ದಿನ ಭಾಗದ ಒಂದು ಟಿಪ್ಪಣಿ, ಇಷ್ಟೇ. ಇತರರು ಸಿದ್ಧಪಡಿಸಿ ಹಂಚುವ ಸಾವಿರಾರು ಚೀಟಿಗಳ ಕಟ್ಟುಗಳು ಉಚಿತವಾಗಿ ದೊರೆಯುತ್ತವೆಯಾದರೂ, ಚೀಟಿ ಬರೆಯುವುದೇ ಅರ್ಧ ಕಲಿಕೆಯಾದ್ದರಿಂದ, ಅವುಗಳನ್ನು ನಾನು ದೂರವಿಟ್ಟೆ. ಹೊಸ ಚೀಟಿಗಳನ್ನು ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇರಿಸದಿರುವುದು ಜಾಣತನ, ಏಕೆಂದರೆ ಇಂದಿನ ಉತ್ಸಾಹ ಮುಂದಿನ ತಿಂಗಳ ಪುನರಾವರ್ತನೆಯ ಹೊರೆಯಾಗಿ ಮರಳುತ್ತದೆ.

ಎಷ್ಟು ಸಲ ತೋರಿಸಿದರೂ ನಿಲ್ಲದ ಕೆಲವು ಅಕ್ಷರಗಳು ಎಲ್ಲರಿಗೂ ಇರುತ್ತವೆ. ನಾನು ಪರೀಕ್ಷಿಸಿ ನೋಡಿದಾಗ ಅವುಗಳಲ್ಲಿ ಹೆಚ್ಚಿನವು ಒಂದನ್ನೊಂದು ಹೋಲುವ ಗುಂಪಿನವು ಎಂದು ತಿಳಿಯಿತು. ದೇವಾಲಯ ಎಂಬ ಅಕ್ಷರದ ಎಡಕ್ಕೆ ಕೈ ಇದ್ದರೆ ಹಿಡಿ, ಸೂರ್ಯನಿದ್ದರೆ ಸಮಯ, ಮನುಷ್ಯನಿದ್ದರೆ ಸಮುರಾಯ್, ಹೆಜ್ಜೆಯಿದ್ದರೆ ಕಾಯು, ಎತ್ತಿದ್ದರೆ ವಿಶೇಷ, ಮಾತಿದ್ದರೆ ಕವಿತೆ. ಮೊದಲ ಮೂರರಲ್ಲಿ ‘ಜಿ’ ಎಂಬ ದೇವಾಲಯದ ಸದ್ದೇ ಇದೆ, ಕವಿತೆಯಲ್ಲಿ ‘ಶಿ’ ಆಗುತ್ತದೆ, ಕಾಯುವುದರಲ್ಲಿಯೂ ವಿಶೇಷದಲ್ಲಿಯೂ ಅದು ಪೂರ್ತಿ ಬೇರೆ. ಎರಡು ಅಡ್ಡಗೆರೆಗಳಲ್ಲಿ ಯಾವುದು ಉದ್ದ ಎಂಬುದೊಂದರಿಂದಲೇ ಮಣ್ಣು ಯೋಧನಾಗುತ್ತದೆ, ‘ಇನ್ನೂ ಇಲ್ಲ’ ಎಂಬುದು ‘ಕೊನೆ’ಯಾಗುತ್ತದೆ. ಇವನ್ನು ಬೇರೆ ಬೇರೆ ದಿನ ಬಿಡಿಬಿಡಿಯಾಗಿ ಕಂಡರೆ ಗೊಂದಲ ಕೊನೆಯವರೆಗೂ ಉಳಿಯುತ್ತದೆ. ಹಾಗೆಂದು ಎಲ್ಲವೂ ಹೊಸದಾಗಿರುವಾಗ ಒಟ್ಟಿಗೆ ಇಟ್ಟರೂ ತಲೆ ಕೆಡುತ್ತದೆ. ಗುಂಪಿನಲ್ಲಿ ಒಂದೆರಡು ಪದಗಳ ಮೂಲಕ ಚೆನ್ನಾಗಿ ಪರಿಚಿತವಾದ ಮೇಲೆ, ಉಳಿದವನ್ನು ಅವುಗಳ ಪಕ್ಕದಲ್ಲಿ ಕೂರಿಸಿ, ವ್ಯತ್ಯಾಸದ ಗೆರೆಯನ್ನು ಕೆಂಪು ಶಾಯಿಯಲ್ಲಿ ಬರೆದು ನೋಡುವುದು ನನಗೆ ಹೊಂದಿದ ಕ್ರಮ. ಜೆಎಲ್‌ಪಿಟಿ ಪರೀಕ್ಷೆಯ ಕಂಜಿ ಪ್ರಶ್ನೆಗಳಲ್ಲಿ ಇಂತಹ ಹೋಲುವ ಅಕ್ಷರಗಳನ್ನೇ ಆಯ್ಕೆಗಳಾಗಿ ಕೊಡುವುದರಿಂದ, ಈ ಶ್ರಮ ಅಲ್ಲಿಯೂ ನೇರವಾಗಿ ಫಲ ಕೊಟ್ಟಿತು.

ಕೆಲಸದ ನಿಮಿತ್ತ ಜಪಾನಿನ ಐಚಿ ಪ್ರಾಂತ್ಯಕ್ಕೆ ಹೋದ ಮೇಲೆ ಊರೇ ಪುಸ್ತಕವಾಯಿತು. ನಗೋಯದ ನಿಲ್ದಾಣಗಳಲ್ಲಿ ಹೆಸರನ್ನು ಕಂಜಿ, ಹಿರಗಾನ, ರೋಮನ್ ಮೂರರಲ್ಲೂ ಬರೆದಿರುತ್ತಾರೆ; ರೈಲು ನಿಲ್ಲುವಷ್ಟರಲ್ಲಿ ಕಂಜಿಯನ್ನು ಓದಿ, ಹಿರಗಾನದಿಂದ ಸರಿಯೋ ಎಂದು ನೋಡಿಕೊಳ್ಳಬಹುದು. ‘ಕನಯಾಮ’ ಎಂಬ ನಿಲ್ದಾಣದ ಎರಡು ಅಕ್ಷರಗಳು ಹೊನ್ನು ಮತ್ತು ಬೆಟ್ಟ; ಕೊಪ್ಪಳ ಜಿಲ್ಲೆಯ ಕನಕಗಿರಿ ನೆನಪಾಗಿ ಆ ಹೆಸರು ಮೊದಲ ದಿನವೇ ಮನಸ್ಸಿನಲ್ಲಿ ಕುಳಿತಿತು. ಮನೆಗೆ ಬಂದ ಮೇಲೆ ಎನ್‌ಎಚ್‌ಕೆ ಎಂಬ ಅಲ್ಲಿನ ಪ್ರಸಾರ ಸಂಸ್ಥೆಯ ಸರಳ ಜಪಾನಿ ಸುದ್ದಿಗಳನ್ನು ಓದುತ್ತಿದ್ದೆ. ಅವುಗಳಲ್ಲಿ ಪ್ರತಿ ಕಂಜಿಯ ತಲೆಯ ಮೇಲೆ ‘ಫುರಿಗಾನ’ ಎಂಬ ಸಣ್ಣ ಉಚ್ಚಾರ ಬರಹವಿರುತ್ತದೆ. ಕಣ್ಣು ಅಕ್ಷರವನ್ನು ಬಿಟ್ಟು ಆ ಸಣ್ಣ ಬರಹಕ್ಕೇ ಓಡುವುದರಿಂದ, ಮೊದಲ ಓದಿನ ನಂತರ ಅದನ್ನು ಮರೆಮಾಡಿ ಎರಡನೆಯ ಬಾರಿ ಗಟ್ಟಿಯಾಗಿ ಓದುತ್ತಿದ್ದೆ. ನಮ್ಮ ವಿಭಾಗದ ಹಿರಿಯರೊಬ್ಬರು ಬೆಳಗಿನ ಸಭೆಯ ಸುರಕ್ಷತಾ ಸೂಚನೆಯನ್ನು ಓದುವ ಕೆಲಸವನ್ನು ವಾರಕ್ಕೊಮ್ಮೆ ನನಗೆ ಬಿಟ್ಟುಕೊಟ್ಟರು. ಎಲ್ಲರೆದುರು ಓದಬೇಕಾದ ಹಾಳೆಯ ಅಕ್ಷರಗಳು ಹಿಂದಿನ ರಾತ್ರಿಯೇ ಗಟ್ಟಿಯಾಗುತ್ತಿದ್ದವು; ಆ ಹಿರಿಯರಿಗೆ ನಾನು ಋಣಿ.

ಹೆಸರುಗಳ ಮುಂದೆ ಮಾತ್ರ ಇಲ್ಲಿ ಹೇಳಿದ ಯಾವ ವಿಧಾನವೂ ನಡೆಯುವುದಿಲ್ಲ. ಸದ್ದಿನ ಭಾಗವಾಗಲಿ, ಒನ್ ಕುನ್ ಲೆಕ್ಕವಾಗಲಿ ಮನುಷ್ಯರ ಹೆಸರನ್ನು ಖಚಿತವಾಗಿ ಹೇಳಲಾರವು. ಅವೇ ಎರಡು ಅಕ್ಷರಗಳನ್ನು ಒಬ್ಬರು ತೊಯೊತ ಎಂದೂ ಇನ್ನೊಬ್ಬರು ತೊಯೊದ ಎಂದೂ ಓದುತ್ತಾರೆ. ವಾಹನ ಕಂಪನಿಯ ಹೆಸರು ಮೊದಲನೆಯದು, ಅದನ್ನು ಸ್ಥಾಪಿಸಿದ ಮನೆತನದ್ದು ಎರಡನೆಯದು. ಐಚಿಯಲ್ಲಿರುವ ತೊಯೊತ ನಗರಕ್ಕೆ 1959ರವರೆಗೆ ಇದ್ದ ‘ಕೊರೊಮೊ’ ಎಂಬ ಹೆಸರನ್ನು ಅದರ ಅಕ್ಷರಗಳಿಂದ ಊಹಿಸುವುದು ಹೊರಗಿನವರಿಗೆ ಸುಲಭವಾಗಿರಲಿಲ್ಲ. ಜಪಾನೀಯರೂ ಇಲ್ಲಿ ಊಹಿಸುವುದಿಲ್ಲ, ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಪಡೆದು, ಹೇಗೆ ಓದಬೇಕೆಂದು ವಿನಯದಿಂದ ಕೇಳುತ್ತಾರೆ. ಅರ್ಜಿ ನಮೂನೆಗಳಲ್ಲಿ ಹೆಸರಿನ ಮೇಲೆ ಫುರಿಗಾನಕ್ಕೆಂದೇ ಒಂದು ಸಾಲು ಇರುತ್ತದೆ. ‘ಕೊಸೆಕಿ’ ಎಂಬ ಅಲ್ಲಿನ ಕುಟುಂಬ ದಾಖಲೆಯಲ್ಲಿ ಹೆಸರಿನ ಉಚ್ಚಾರವನ್ನೂ ನಮೂದಿಸಬೇಕೆಂಬ ಕಾನೂನು ಜಾರಿಗೆ ಬಂದದ್ದೇ 2025ರ ಮೇ ತಿಂಗಳಲ್ಲಿ. ನಾನೂ ಭೇಟಿಯಾದವರ ಹೆಸರನ್ನು ಅವರ ಬಾಯಿಂದಲೇ ಕೇಳಿ, ಕಾರ್ಡಿನ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಳ್ಳುತ್ತೇನೆ.